ಸ್ಟ್ರೀಟ್ ವ್ಯೂ ನೋಡಿಕೊಂಡೇ ಹೋಗಿದ್ದೆ, ಆದರೂ ಮೇಲ್ಸೇತುವೆ ಹತ್ತುವ ಜಾಗ ತಪ್ಪಿತು

ದಾರಿಹೋಕ:
ಗೊತ್ತಿಲ್ಲದ ಊರಿಗೆ ಕಾರಲ್ಲಿ ಹೊರಡುವ ಮುಂಚೆ ಕಷ್ಟದ ತಿರುವುಗಳನ್ನು ಗೂಗಲ್ ಸ್ಟ್ರೀಟ್ ವ್ಯೂನಲ್ಲಿ (ಗೂಗಲ್ ಮ್ಯಾಪ್ಸ್‌ನಲ್ಲಿ ರಸ್ತೆಯ ಚಿತ್ರಗಳನ್ನು ತೋರಿಸುವುದು) ನೋಡಿಕೊಳ್ಳುತ್ತೇನೆ. ಕಳೆದ ವಾರವೂ ನೋಡಿದ್ದೆ. ಹಳದಿ ಕಟ್ಟಡ ದಾಟಿದ ಕೂಡಲೇ ಮೇಲ್ಸೇತುವೆ ಹತ್ತಬೇಕು ಅಂತ ಗುರುತು ಇಟ್ಟುಕೊಂಡಿದ್ದೆ. ಹೋಗಿ ನೋಡಿದರೆ, ಹಳದಿ ಕಟ್ಟಡ ಬರುವಷ್ಟರಲ್ಲಿ ಸೇತುವೆ ತಲೆ ಮೇಲಿತ್ತು! ಹತ್ತುವ ದಾರಿ ಆಗಲೇ ಹಿಂದೆ ಹೋಗಿತ್ತು. ಹಿಂದಿನ ಸೀಟಲ್ಲಿದ್ದ ಅಮ್ಮ ಗಾಬರಿಯಾದರು. ಮುಂದಿನ ತಿಂಗಳು ಮತ್ತೆ ಅದೇ ದಾರಿ. ಎಲ್ಲಿ ತಪ್ಪಿದೆ?

ನಕಾಶೆಪ್ರಿಯ:
ಚಿತ್ರ ತೆಗೆದ ತಿಂಗಳು, ವರ್ಷ ನೋಡಿದ್ರಾ?

ದಾರಿಹೋಕ:
ನೋಡಿದ್ದೆ. ಹೋದ ವರ್ಷದ್ದೇ.

ನಕಾಶೆಪ್ರಿಯ:
ಅದು ಮೊದಲ ಚಿತ್ರದ್ದು ಅಲ್ವಾ? ಬಾಣ ಒತ್ತಿ ಮುಂದೆ ಹೋಗುವಾಗ ಪ್ರತಿ ಹೆಜ್ಜೆಗೂ ದಿನಾಂಕ ನೋಡಬೇಕು. ಒಂದೇ ರಸ್ತೆಯಲ್ಲಿ ಹೊಸ ಚಿತ್ರದ ಪಕ್ಕದಲ್ಲೇ ಎಷ್ಟೋ ವರ್ಷ ಹಳೆಯದು ಇರುತ್ತದೆ. ನೋಡುವವರಿಗೆ ಬಿಸಿಲು, ಮೋಡ ಸ್ವಲ್ಪ ಬದಲಾದಂತೆ ಕಾಣುತ್ತದೆ, ಅಷ್ಟೇ. ಮೇಲ್ಸೇತುವೆ ಇರುವ ಕಡೆ ಇನ್ನೊಂದು ತೊಂದರೆ: ಬಾಣ ಒತ್ತಿದರೆ ಕೆಲವು ಸಲ ಮೇಲಿನ ರಸ್ತೆಯಿಂದ ಕೆಳಗಿನ ರಸ್ತೆಗೆ ಜಿಗಿದುಬಿಡುತ್ತದೆ. ತಡೆಗೋಡೆ ಕಾಣುತ್ತಿದ್ದದ್ದು ಹೋಗಿ ಕಂಬಗಳು ಕಂಡರೆ ಕೆಳಗೆ ಬಂದಿದ್ದೀರಿ ಅಂತ ಅರ್ಥ. ಬೋರ್ಡ್‌ಗಳ ಬೆನ್ನು ಮಾತ್ರ ಕಾಣುತ್ತಿದ್ದರೆ ಎದುರು ಬದಿಯ ಲೇನ್‌ನಲ್ಲಿದ್ದೀರಿ.

ದಾರಿಹೋಕ:
ಈಗ ಮತ್ತೆ ನೋಡಿದೆ, ನೀವು ಹೇಳಿದ್ದು ಸರಿ. ಮೂರನೇ ಹೆಜ್ಜೆಗೆ ಹಳೆಯ ಚಿತ್ರ! ಆಗ ಹತ್ತುವ ದಾರಿ ಕಟ್ಟಡದ ಆಚೆಗೆ ಇತ್ತು. ಈಗ ಕಟ್ಟಡ ಬರುವ ಮುಂಚೆಯೇ ಹತ್ತುವ ದಾರಿ ಇದೆ. ನಾನು ಎರಡು ಕಾಲದ ರಸ್ತೆಯನ್ನು ಒಂದೇ ಅಂದುಕೊಂಡು ನೋಡಿದ್ದೇನೆ. ಹೊಸ ಚಿತ್ರ ಆ ತುಂಡಿಗೆ ಇಲ್ಲವೇ ಇಲ್ಲ, ಏನು ಮಾಡಲಿ?

ಲಾಂಗ್‌ಡ್ರೈವ್:
ಮ್ಯಾಪಿಲರಿಯಲ್ಲಿ ಹುಡುಕಿ. ಜನ ತಾವೇ ತೆಗೆದು ಹಾಕಿದ ಚಿತ್ರಗಳು, ದಿನಾಂಕದ ಪ್ರಕಾರ ಸೋಸಬಹುದು. ಸ್ಟ್ರೀಟ್ ವ್ಯೂ ಕ್ಯಾಮೆರಾ ಕಾರಿನ ಚಾವಣಿಗಿಂತ ಮೇಲೆ ಇರುತ್ತದೆ, ಹಾಗಾಗಿ ಡಿವೈಡರ್ ಆಚೆಗಿನದೂ ಕಾಣುತ್ತದೆ. ಮ್ಯಾಪಿಲರಿಯಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಫೋನ್ ಇಟ್ಟು ತೆಗೆದವು ಸಿಕ್ಕರೆ, ನಮ್ಮ ಕಣ್ಣಿಗೆ ಕಾಣುವ ಹಾಗೇ ಇರುತ್ತವೆ.

ಯೂಟ್ಯೂಬ್‌ನಲ್ಲಿ ಆ ರಸ್ತೆಯ ಡ್ಯಾಶ್‌ಕ್ಯಾಮ್ (ಕಾರಿನೊಳಗೆ ಇಟ್ಟ ಕ್ಯಾಮೆರಾ) ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಕಂಪ್ಯೂಟರ್‌ನಲ್ಲಿ ವಿಡಿಯೋ ನಿಲ್ಲಿಸಿ ಪೂರ್ಣವಿರಾಮದ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಅಲ್ಪವಿರಾಮದ ಕೀ ಒತ್ತಿದರೆ ಹಿಂದೆ. ಒಂದು ಎಚ್ಚರಿಕೆ: ಡ್ಯಾಶ್‌ಕ್ಯಾಮ್‌ನ ಅಗಲ ಲೆನ್ಸ್‌ನಿಂದ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ. ಅದನ್ನು ನೋಡಿ ಇನ್ನೂ ಟೈಮ್ ಇದೆ ಅಂದುಕೊಳ್ಳಬೇಡಿ.

ನಕಾಶೆಪ್ರಿಯ:
ಹೌದು. ನಾನಾದರೆ ತಿರುವಿನ ಗುರುತು ಇಟ್ಟುಕೊಳ್ಳುವುದೇ ಇಲ್ಲ, ಅದಕ್ಕಿಂತ ಅರ್ಧ ಕಿಲೋಮೀಟರ್ ಮುಂಚಿನದ್ದು ಇಟ್ಟುಕೊಳ್ಳುತ್ತೇನೆ. ತಿರುವೇ ಕಂಡಾಗ ಲೇನ್ ಬದಲಿಸಲು ತಡವಾಗಿರುತ್ತದೆ. ಅಮ್ಮ ಜೊತೆಗಿದ್ದಾಗಲಂತೂ ಅವಸರದಲ್ಲಿ ಸ್ಟೀರಿಂಗ್ ತಿರುಗಿಸಬೇಡಿ. ತಪ್ಪಿದರೆ ತಪ್ಪಲಿ, ಮುಂದೆ ಹೋಗಿ ಸುತ್ತಿಕೊಂಡು ಬನ್ನಿ.

ದಾರಿಹೋಕ:
ಆರು ತಿಂಗಳ ಹಿಂದಿನ ಒಂದು ವಿಡಿಯೋ ಸಿಕ್ಕಿತು! ಹತ್ತುವ ದಾರಿಗೆ ಮುಂಚೆ ಪೆಟ್ರೋಲ್ ಬಂಕ್ ಇದೆ, ಅದಕ್ಕೂ ಮುಂಚೆ ಪಾದಚಾರಿ ಸೇತುವೆ. ಪಾದಚಾರಿ ಸೇತುವೆ ಕಂಡ ಕೂಡಲೇ ಲೇನ್ ಹಿಡಿಯುತ್ತೇನೆ. ಹೋಗಿ ಬಂದ ಮೇಲೆ ಆ ತುಂಡಿನ ಹೊಸ ಚಿತ್ರಗಳನ್ನು ಮ್ಯಾಪಿಲರಿಗೆ ನಾನೇ ಹಾಕುತ್ತೇನೆ.