ಲೆಡ್ ಝೆಪ್ಪೆಲಿನ್ 'ಫ್ರೆಂಡ್ಸ್' ಶ್ರುತಿಗೆ ಇಳಿಸಿದರೆ ಆರನೇ ತಂತಿ ಗರಗರ ಅಂತಿದೆ

ಸಪ್ತಾಪುರದವ:
ಎಲ್ಲರಿಗೂ ನಮಸ್ಕಾರ. ರಾಕ್ ತಂಡ ಲೆಡ್ ಝೆಪ್ಪೆಲಿನ್‌ನ 1970ರ ಆಲ್ಬಂ 'ಲೆಡ್ ಝೆಪ್ಪೆಲಿನ್ 3' ಹಾಕಿದವರೆಲ್ಲ 'ಇಮಿಗ್ರಂಟ್ ಸಾಂಗ್' ಕೇಳಿ ಎದ್ದು ಹೋಗುತ್ತಾರೆ. ನನ್ನನ್ನು ಹಿಡಿದಿಟ್ಟಿದ್ದು ಅದರ ಬೆನ್ನಿಗೇ ಬರುವ 'ಫ್ರೆಂಡ್ಸ್'. ಅದಕ್ಕೆ ನನ್ನ ಗಿಟಾರನ್ನು ದಪ್ಪ ತಂತಿಯಿಂದ (ಅದೇ ಆರನೇದು) ಸಿ-ಎ-ಸಿ-ಜಿ-ಸಿ-ಇ ಅಂತ ಕೂಡಿಸಿದೆ. ಆರನೇ ತಂತಿ ಮೀಟಿದರೆ ಡಬ್ಬಿಯೊಳಗೆ ದುಂಬಿ ಸಿಕ್ಕಿದ ಹಾಗೆ ಸದ್ದು! ಮಾಮೂಲಿ ಇ-ಯಲ್ಲಿ ಸರಿಯಾಗಿಯೇ ಇತ್ತು. ಇಲ್ಲಿನ ಒಂದು ಅಂಗಡಿಯಲ್ಲಿ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಎಲ್ಲಾ ಬದಲಿಸಬೇಕು ಅಂದರು. ಹೌದಾ? ಹಾಡಿನ ಆ ತುಂಬು ಸದ್ದಿಗೆ ಯಾವ ಪೆಡಲ್ (ಸದ್ದು ಬದಲಿಸುವ ಪೆಟ್ಟಿಗೆ) ಬೇಕು?

ಗದಗಿನ ತಂಬೂರಿ:
ಪೆಡಲ್ ಬೇಡ ತಮ್ಮಾ. ಅದು ಬರೀ ಅಕೌಸ್ಟಿಕ್ ಗಿಟಾರ್. ಆ ದಿನಗಳಲ್ಲಿ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಹತ್ತಿರ ಇದ್ದದ್ದು ಹಾರ್ಮನಿ ಸಾವರಿನ್ ಅನ್ನೋ ಗಿಟಾರ್. ಮೇಲೆ ತಂಡದ ಬೇಸ್ ವಾದಕ ಜಾನ್ ಪಾಲ್ ಜೋನ್ಸ್ ಬರೆದ ಪಿಟೀಲು ಸಾಲು. ತುಂಬು ಸದ್ದು ಬರುವುದು ಶ್ರುತಿಯಿಂದ. ಹಾರ್ಮೋನಿಯಂನ ಬಿಳಿ ಒಂದನ್ನು ಸ ಅಂತ ಹಿಡಿ: ನಿನ್ನ ಆರು ತಂತಿ ಸ, ದ, ಸ, ಪ, ಸ, ಗ. ಮೂರು ಷಡ್ಜ! ತಂಬೂರಿಯೇ ಆಯಿತಲ್ಲ. 1972ರಲ್ಲಿ ಪೇಜ್, ಗಾಯಕ ಪ್ಲಾಂಟ್ ಇಬ್ಬರೂ ಮುಂಬೈಗೆ ಬಂದು ನಮ್ಮ ವಾದಕರ ಜೊತೆ ಇದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದರು. ಅದು ಹೊರಬಂದದ್ದು 2015ರಲ್ಲಿ. ಸುಮ್ನೆ ಒಮ್ಮೆ ಕೇಳು.

ಈಗ ಗರಗರದ ಮಾತು. ಇ ಅಂದರೆ 82 ಹರ್ಟ್ಸ್, ಕೆಳಗಿನ ಸಿ 65. ಬಿಗಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಸಡಿಲ ತಂತಿ ಅಗಲವಾಗಿ ಬೀಸುತ್ತೆ, ಫ್ರೆಟ್ಟಿಗೆ ಬಡಿಯುತ್ತೆ. ಎಳೆತ ಕಡಿಮೆ ಆದಾಗ ಕತ್ತು ಕೂಡ ನೆಟ್ಟಗಾಗುತ್ತೆ, ತಂತಿ ಫ್ರೆಟ್ಟಿಗೆ ಹತ್ತಿರ ಆಗುತ್ತೆ. ಫ್ರೆಟ್ ಬದಲಿಸುವ ಮಾತು ಆಮೇಲೆ.

ಯಾವ ತಂತಿ ಸೆಟ್ ಹಾಕಿದ್ದೀ? ಗರಗರ ಎಲ್ಲೆಲ್ಲಿ?

ಸಪ್ತಾಪುರದವ:
11ರ ಸೆಟ್ ಅಣ್ಣಾ, ದಪ್ಪನೆಯದು 52 (ಇಂಚಿನ ಸಾವಿರದ ಪಾಲಿನ ಲೆಕ್ಕ). ಫ್ರೆಟ್ ಒತ್ತದೆ ಬಿಟ್ಟು ಹೊಡೆದರೂ ಬರುತ್ತೆ, ನಾಲ್ಕನೇ ಫ್ರೆಟ್‌ವರೆಗೂ ಬರುತ್ತೆ. ಮೇಲೆ ಹೋದರೆ ಇಲ್ಲ.

ಗದಗಿನ ತಂಬೂರಿ:
ಬಿಟ್ಟಾಗ ಮಾತ್ರ ಬಂದಿದ್ದರೆ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚು ಆಳವಾಗಿದೆ ಅನ್ನುತ್ತಿದ್ದೆ. ನಿನ್ನದು ಕತ್ತಿನದು. ಸಿ-ಗೆ ಇಳಿಸಿಯೇ ಒಂದನೇ ಮತ್ತು 14ನೇ ಫ್ರೆಟ್ಟನ್ನು ಒಟ್ಟಿಗೆ ಒತ್ತಿ ಹಿಡಿ. ಏಳನೇ ಫ್ರೆಟ್ ಮೇಲೆ ವಿಸಿಟಿಂಗ್ ಕಾರ್ಡ್ ನುಸುಳುತ್ತಾ?

ಸಪ್ತಾಪುರದವ:
ಕಾರ್ಡ್ ಏನು, ಬಸ್ ಟಿಕೆಟ್ಟೂ ಹೋಗಲ್ಲ.

ಗದಗಿನ ತಂಬೂರಿ:
ಸಿಕ್ಕಿತು. ಟ್ರಸ್ ರಾಡನ್ನು (ಕತ್ತಿನೊಳಗಿನ ಲೋಹದ ಸಲಾಕೆ, ಸಡಿಲಿಸಿದರೆ ಕತ್ತು ಸ್ವಲ್ಪ ಬಾಗುತ್ತೆ) ಆಲನ್ ಕೀಯಿಂದ ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ಸಡಿಲಿಸು. ಕಾಲೇ! ರಾತ್ರಿ ಬಿಟ್ಟು ಬೆಳಿಗ್ಗೆ ನೋಡು. ಬಿಗಿಯಾಗಿ ಕೂತಿದ್ದರೆ ಜೋರು ಮಾಡಬೇಡ. ಬಿಡಿ ತಂತಿ 56ರದು ಸಿಕ್ಕರೆ ಹಾಕು, ಬಿಗಿ ಸ್ವಲ್ಪ ವಾಪಸ್ ಬರುತ್ತೆ.

ಹಾವೇರಿ ಏಲಕ್ಕಿ:
ನಡುವೆ ಬಾಯಿ ಹಾಕ್ತೀನಿ. 56 ಹಾಕಿದಾಗ ನನ್ನ ಗಿಟಾರ್‌ನಲ್ಲಿ ತಂತಿ ನಟ್ ಕಚ್ಚಿನೊಳಗೆ ಪೂರ್ತಿ ಕೂರಲಿಲ್ಲ, ಶ್ರುತಿ ಜಾರುತ್ತಿತ್ತು. ಅರದಿಂದ ಕೂದಲೆಳೆಯಷ್ಟು ಉಜ್ಜಿ, ಪೆನ್ಸಿಲ್ ಸೀಸ ತುಂಬಿದೆ. ಆಮೇಲೆ ಕಾಟ ಇಲ್ಲ.

ಸಪ್ತಾಪುರದವ:
ಮೂರು ದಿನ ಆಯ್ತು. ಕಾಲು ಸುತ್ತು, ಮರುದಿನ ಇನ್ನೊಂದು ಅರೆಕಾಲು. ಹುಬ್ಬಳ್ಳಿಯಿಂದ 56 ತಂದು ಹಾಕಿದೆ. ಈಗ ಕಾರ್ಡ್ ಉಜ್ಜಿಕೊಂಡು ಹೋಗುತ್ತೆ. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಬಾರಿಸಿದರೆ ಮಾತ್ರ ಸಣ್ಣಗೆ ಝುಂ ಅನ್ನುತ್ತೆ. ಅದನ್ನೂ ತೆಗೆಯಬೇಕಾ?

ಗದಗಿನ ತಂಬೂರಿ:
ಬೇಡ. ನಾವು ತಂಬೂರಿಗೆ ದಾರದ ಎಳೆ ಇಟ್ಟು ಜವಾರಿ (ಆ ಝೇಂಕಾರ) ಬರಿಸ್ತೀವಿ, ನಿನಗೆ ಪುಕ್ಕಟೆ ಬಂದಿದೆ. ಮೊದಲ ಸಾಲು ರೆಕಾರ್ಡ್ ಮಾಡಿ ಹಾಕು, ಕೇಳೋಣ.