ಅಪ್‌ಡೇಟ್: ಏರುತಗ್ಗು ಜಾಗಕ್ಕೆ ಕೊನೆಗೂ ಹುಲ್ಲು ಕತ್ತರಿಸುವ ಮೋವರ್ ತಗೊಂಡೆ

ಮಳೆಗಾಲಕ್ಕೆ ಮುಂಚೆ ಕೇಳಿದ್ದೆ, ನೆನಪಿದೆಯಾ? ಸೋಮವಾರಪೇಟೆ ಹತ್ತಿರ ನಮ್ಮ ಮನೆ ಸುತ್ತ ಎರಡು ಎಕರೆ ಹುಲ್ಲಿದೆ, ಕೂತು ಓಡಿಸುವ ಮೋವರ್ ಯಾವುದು ತಗೊಳ್ಳಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

"ಮೊದಲು ಇಳಿಜಾರು ಅಳೆಯಿರಿ" ಅಂದಿದ್ದಿರಲ್ಲ, ಅದೇ ನನಗೆ ದಾರಿ ತೋರಿಸಿತು. ನೆಲದ ಮೇಲೆ ಉದ್ದದ ಹಲಗೆ ಹಾಸಿ, ಮೇಲೆ ಫೋನ್ ಇಟ್ಟು ಅದರಲ್ಲಿ ಕೋನ ನೋಡಿದೆ. ಮನೆ ಮುಂದೆ 8 ಡಿಗ್ರಿ. ತೋಡಿನ ಕಡೆ 22! ಇಂಥ ಮೆಷಿನ್‌ಗಳಿಗೆ ಸಾಮಾನ್ಯವಾಗಿ 15 ಡಿಗ್ರಿಯೇ ಮಿತಿ. ಆ ಕಡೆಗೆ ಕೈಯಲ್ಲಿ ಹಿಡಿದು ಕತ್ತರಿಸುವ ವೀಡ್ ಕಟರ್ ಸಾಕು ಅಂತ ಅವತ್ತೇ ತೀರ್ಮಾನಿಸಿದೆ.

ಝೀರೋ ಟರ್ನ್ (ನಿಂತಲ್ಲೇ ತಿರುಗುವ ಮೋವರ್) ಆಸೆ ಬಿಟ್ಟೆ. ಅದನ್ನು ತಿರುಗಿಸುವುದೂ ನಿಲ್ಲಿಸುವುದೂ ಹಿಂದಿನ ಚಕ್ರಗಳೇ. ಒದ್ದೆ ಹುಲ್ಲಲ್ಲಿ ಅವು ಜಾರಿದರೆ ಮೆಷಿನ್ ಹಿಡಿತಕ್ಕೆ ಸಿಗಲ್ಲ. ತಗೊಂಡಿದ್ದು ಹೈಡ್ರೋಸ್ಟ್ಯಾಟಿಕ್ (ಗೇರ್ ಬದಲಿಸದೆ, ಎಣ್ಣೆಯ ಒತ್ತಡದಿಂದ ಓಡುವ) ಲಾನ್ ಟ್ರ್ಯಾಕ್ಟರ್. ದಪ್ಪ ತಗಡಿನ ಡೆಕ್ (ಬ್ಲೇಡ್ ಮೇಲಿನ ಹೊದಿಕೆ), ಎರಡೂ ಹಿಂದಿನ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಇದೆ. ಬೆಲ್ಟ್, ಬ್ಲೇಡ್ ಬೇಗ ಸಿಗುತ್ತಾ ಅಂತ ಕೇಳಿಯೇ ದುಡ್ಡು ಕೊಟ್ಟೆ.

ಮೊದಲ ವಾರವೇ ಒಂದು ಪೆಟ್ಟು ಬಿತ್ತು. ಕಡಿದ ಸಿಲ್ವರ್ ಓಕ್ ಮರದ ಬುಡ ಹುಲ್ಲಲ್ಲಿ ಮುಚ್ಚಿಹೋಗಿತ್ತು. ಟಣ್ ಅಂತ ಸದ್ದು, ಆಮೇಲೆ ಇಡೀ ಸೀಟು ನಡುಗಿತು. ಬ್ಲೇಡ್ ತುದಿ ಬಾಗಿತ್ತು. ಬಾಗಿದ ಬ್ಲೇಡನ್ನು ಬಡಿದು ನೇರ ಮಾಡಬೇಡಿ, ಬಿರುಕು ಬಿಟ್ಟು ತುಂಡು ಹಾರಬಹುದು. ಹೊಸದನ್ನೇ ಹಾಕಿಸಿದೆ. ಈಗ ಕಲ್ಲು, ಬುಡ ಇರುವಲ್ಲೆಲ್ಲ ಸುಣ್ಣ ಬಳಿದ ಗೂಟ ನೆಟ್ಟಿದ್ದೇನೆ.

ಇಳಿಜಾರಿನಲ್ಲಿ ಅಡ್ಡ ಓಡಿಸುವುದಿಲ್ಲ, ಮೇಲೆ-ಕೆಳಗೆ ಮಾತ್ರ. ಹುಲ್ಲು ಒದ್ದೆ ಇದ್ದರೆ ಕೀ ಮುಟ್ಟುವುದೇ ಇಲ್ಲ.