ಪಿತ್ತಕೋಶ ತೆಗೆದ ನಂತರದ ಭೇದಿ: ಯಾವ ಪೂರಕ ಪಿತ್ತಾಮ್ಲದ ಮೇಲೆ ಕೆಲಸ ಮಾಡುತ್ತದೆ?

ಪ್ರಶ್ನೆ

ಪಿತ್ತಕೋಶವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೆ ನನಗೆ ಊಟವಾದ ಸ್ವಲ್ಪ ಹೊತ್ತಿಗೆಲ್ಲ ಭೇದಿಯಾಗುತ್ತಿದೆ. ದೊಡ್ಡ ಕರುಳಿಗೆ ಪಿತ್ತಾಮ್ಲ ಹೆಚ್ಚಾಗಿ ಸೇರುತ್ತಿರಬಹುದೆಂದು ವೈದ್ಯರು ಹೇಳಿದ್ದಾರೆ. ನಾನು ಪ್ರೋಬಯೋಟಿಕ್ (ಜೀವಂತ ಬ್ಯಾಕ್ಟೀರಿಯಾಗಳಿರುವ) ಮತ್ತು ಮೆಗ್ನೀಸಿಯಂ ಮಾತ್ರೆಗಳನ್ನು ಸೇವಿಸುತ್ತಿದ್ದೇನೆ. ಇಸಬಗೋಲು ಮತ್ತು ‘ಟುಡ್ಕಾ’ ಎಂಬ ಪೂರಕವನ್ನೂ ಕೆಲವರು ಸೂಚಿಸಿದ್ದಾರೆ. ಇವುಗಳಲ್ಲಿ ಯಾವುದು ಉಪಯುಕ್ತ, ಯಾವುದು ತೊಂದರೆಯನ್ನು ಹೆಚ್ಚಿಸುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ಯಕೃತ್ತು ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲವನ್ನು ತಯಾರಿಸುತ್ತದೆ. ಕೊಬ್ಬನ್ನು ಕರಗಿಸುವ ಕೆಲಸ ಮುಗಿದ ಮೇಲೆ ಅದರ ಸುಮಾರು 95 ಶೇಕಡಾ ಭಾಗ ಸಣ್ಣ ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು, ರಕ್ತದ ಮೂಲಕ ಮರಳಿ ಯಕೃತ್ತನ್ನೇ ಸೇರುತ್ತದೆ. ಪಿತ್ತಕೋಶವಿಲ್ಲದವರಲ್ಲಿ ಪಿತ್ತರಸಕ್ಕೆ ಸಂಗ್ರಹದ ಜಾಗವಿಲ್ಲದೆ ಅದು ಸತತವಾಗಿ ಕರುಳಿಗೆ ಹರಿಯುತ್ತದೆ. ಹೀರಿಕೆಗೆ ಸಿಗದೆ ದೊಡ್ಡ ಕರುಳಿಗೆ ಇಳಿದ ಪಿತ್ತಾಮ್ಲ ಅಲ್ಲಿ ನೀರನ್ನು ಸ್ರವಿಸುವಂತೆ ಮಾಡುವುದರಿಂದ ಭೇದಿಯಾಗುತ್ತದೆ.

ಇಸಬಗೋಲು ನೀರಿನಲ್ಲಿ ಲೋಳೆಯಾಗಿ ಪಿತ್ತಾಮ್ಲವನ್ನು ತನ್ನೊಳಗೆ ಹಿಡಿದಿಟ್ಟು ಮಲದೊಂದಿಗೆ ಹೊರಗೆ ಒಯ್ಯುತ್ತದೆ. ಆ ಕೊರತೆಯನ್ನು ತುಂಬಲು ಯಕೃತ್ತು ಇನ್ನಷ್ಟು ಕೊಲೆಸ್ಟ್ರಾಲ್ ಬಳಸುವುದರಿಂದ ರಕ್ತದಲ್ಲಿ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಕೊಂಚ ಇಳಿಯುತ್ತದೆ. ಮಲಬದ್ಧತೆಗೆ ಕೊಡುವ ಪುಡಿಯನ್ನು ಭೇದಿಗೂ ಹೇಳುವುದು ವಿಚಿತ್ರವೆನಿಸಬಹುದು, ಆದರೆ ಲೋಳೆ ಎರಡೂ ಸ್ಥಿತಿಗಳಲ್ಲಿ ಮಲವನ್ನು ಹದಕ್ಕೆ ತರುತ್ತದೆ. ನೀವು ಹೆಸರಿಸಿದವುಗಳಲ್ಲಿ ನನ್ನ ಒಲವು ಇದರ ಕಡೆಗೇ. ಅಲ್ಪ ಪ್ರಮಾಣದಿಂದ ಆರಂಭಿಸಿ, ಸಾಕಷ್ಟು ನೀರಿನೊಂದಿಗೆ ಸೇವಿಸಿ.

ಉತ್ತರ 2

ಪ್ರೋಬಯೋಟಿಕ್ ಬಗ್ಗೆ ಒಂದು ಮಾತು. ಪಿತ್ತಾಮ್ಲಕ್ಕೆ ಯಕೃತ್ತು ಜೋಡಿಸಿದ ಗ್ಲೈಸಿನ್ ಅಥವಾ ಟಾರಿನ್ ಎಂಬ ಅಮೈನೋ ಆಮ್ಲವನ್ನು ಬೇರ್ಪಡಿಸುವ ಕಿಣ್ವ ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾದ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಹಲವು ತಳಿಗಳಲ್ಲಿ ಇದೆ. ಆ ಬಳಿಕ ಬೇರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಡಿಆಕ್ಸಿಕೋಲಿಕ್ ಆಮ್ಲದಂಥ ದ್ವಿತೀಯಕ ಪಿತ್ತಾಮ್ಲಗಳಾಗಿ ಮಾರ್ಪಡಿಸುತ್ತವೆ. ಡಿಆಕ್ಸಿಕೋಲಿಕ್ ಆಮ್ಲವೂ ದೊಡ್ಡ ಕರುಳಿನಲ್ಲಿ ಸ್ರಾವವನ್ನು ಪ್ರಚೋದಿಸಬಲ್ಲದು. ಆದ್ದರಿಂದ ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂಬ ಹಣೆಪಟ್ಟಿಯಷ್ಟನ್ನೇ ನೋಡಿ ಮಾತ್ರೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಪರಿಣಾಮ ತಳಿಯಿಂದ ತಳಿಗೆ ಬದಲಾಗುತ್ತದೆ.

ಉತ್ತರ 3

ಮೊದಲು ಮೆಗ್ನೀಸಿಯಂ ಕಡೆಗೆ ಗಮನ ಕೊಡಿ. ಅದರ ಆಕ್ಸೈಡ್ ಮತ್ತು ಸಿಟ್ರೇಟ್ ರೂಪಗಳು ಕರುಳಿಗೆ ನೀರನ್ನು ಎಳೆಯುತ್ತವೆ, ವಿರೇಚಕವಾಗಿಯೂ ಬಳಕೆಯಲ್ಲಿವೆ. ಪಿತ್ತಾಮ್ಲದ ಮೇಲೆ ಹೊರಿಸಿದ ದೂರಿನಲ್ಲಿ ಇದರ ಪಾಲೂ ಇರಬಹುದು. ವೈದ್ಯರು ಬರೆದುಕೊಟ್ಟದ್ದಲ್ಲವಾದರೆ ಕೆಲವು ದಿನ ನಿಲ್ಲಿಸಿ ನೋಡಬಹುದು. ಟುಡ್ಕಾ ಸ್ವತಃ ಒಂದು ಪಿತ್ತಾಮ್ಲ. ಅದಕ್ಕೆ ಹತ್ತಿರದ ಸಂಬಂಧಿಯಾದ ಅರ್ಸೋಡಿಆಕ್ಸಿಕೋಲಿಕ್ ಆಮ್ಲವನ್ನು ಕೆಲವು ಯಕೃತ್ತಿನ ಕಾಯಿಲೆಗಳಿಗೆ ಔಷಧವಾಗಿ ಕೊಡುತ್ತಾರೆ, ಭೇದಿ ಅದರ ತಿಳಿದ ಅಡ್ಡಪರಿಣಾಮ. ಪಿತ್ತಾಮ್ಲ ಹೆಚ್ಚಾಗಿದೆ ಎನ್ನುವವರಿಗೆ ಅದನ್ನೇ ಸೂಚಿಸಿದವರ ತರ್ಕ ನನಗಂತೂ ಅರ್ಥವಾಗಲಿಲ್ಲ.

ಇಸಬಗೋಲಿನಿಂದ ಸಾಲದಿದ್ದರೆ ವೈದ್ಯರು ಕೊಲೆಸ್ಟೈರಮಿನ್ ಬರೆಯಬಹುದು. ಅದು ಪಿತ್ತಾಮ್ಲದ ಜೊತೆಗೆ ಇತರ ಔಷಧಗಳನ್ನೂ ಹಿಡಿದಿಡುವುದರಿಂದ ಅವನ್ನು ಇದಕ್ಕಿಂತ ಒಂದು ಗಂಟೆ ಮೊದಲು ಅಥವಾ 4ರಿಂದ 6 ಗಂಟೆಗಳ ನಂತರ ಸೇವಿಸಬೇಕು. ದೀರ್ಘಕಾಲ ಬಳಸಿದರೆ ಎ, ಡಿ, ಇ, ಕೆ ವಿಟಮಿನ್‌ಗಳ ಹೀರಿಕೆಯೂ ಕುಗ್ಗಬಹುದು.